ಎರಡು ತಲೆ ಹಕ್ಕಿಯ ಎಣ್ಣೆ

ಹೋದ ಬೇಸಿಗೆಯಲ್ಲಿ ಒಂದು ಮದುವೆಗೆಂದು ಶಹಾಪುರಕ್ಕೆ ಹೋಗಿದ್ದೆ. ಬಸ್ ನಿಲ್ದಾಣದಿಂದ ಹೊರಗೆ ಕಾಲಿಟ್ಟ ಕೂಡಲೇ ಒಂದು ವಾಸನೆ ಬಂತು. ಮೊದಲು ನೀಲಗಿರಿ ಎಣ್ಣೆ, ಅದರ ಹಿಂದೆ ಕರ್ಪೂರ, ಎರಡರ ತಳದಲ್ಲಿ ತೆಳ್ಳಗೆ ಸೀಮೆಎಣ್ಣೆ. ರಸ್ತೆಯ ಆಚೆಗೆ ಒಂದು ಜೀಪು ನಿಂತಿತ್ತು. ಮೊಣಕಾಲು ನೋವು, ಸೊಂಟ ನೋವು, ಸಕ್ಕರೆ ಕಾಯಿಲೆ, ಮಕ್ಕಳಾಗದಿರುವುದು, ಎಲ್ಲದಕ್ಕೂ ಇದೊಂದೇ ಸೀಸೆ ಎಂದು ಅದರ ನೆತ್ತಿಯ ಮೇಲಿನ ಧ್ವನಿವರ್ಧಕ ಒಂದೇ ಸಮನೆ ಕೂಗುತ್ತಿತ್ತು. ಜನ ಸುತ್ತುಗಟ್ಟಿದ್ದರು. ಕರೆಯಲು ಬಂದಿದ್ದ ಮದುವೆ ಮನೆಯವರು "ಬರ್ರಿ, ಅಕ್ಷತೆ ಹೊತ್ತಾತು" ಎಂದು ಎರಡು ಸಲ ಅಂದರು. ನನಗೆ ಹೆಜ್ಜೆ ಕೀಳಲಾಗಲಿಲ್ಲ. ಈ ವಾಸನೆಯ ಪರಿಚಯ ನನಗಿತ್ತು. ಇದೇ ಊರಿನಲ್ಲಿ, ಕನ್ನಡ ನಾಡು ಒಂದಾದ ಮರುವರ್ಷದ ಬೇಸಿಗೆಯಲ್ಲಿ ಆದ ಪರಿಚಯ ಅದು.

ಆಗ ನಾನು ಹುಬ್ಬಳ್ಳಿಯ ಒಂದು ದಿನಪತ್ರಿಕೆಗೆ ಸುದ್ದಿ ಬರೆಯುತ್ತಿದ್ದೆ. ಹುಟ್ಟೂರು ಸುರಪುರವಾದರೂ ಇದ್ದದ್ದು ಯಾದಗಿರಿಯಲ್ಲಿ, ರೈಲು ನಿಲ್ದಾಣದ ಹಿಂದಿನ ಒಂದು ಬಾಡಿಗೆ ಕೋಣೆಯಲ್ಲಿ. ಪತ್ರಿಕೆಯ ಕಟ್ಟು ರೈಲಿನಲ್ಲಿ ಬರುತ್ತಿತ್ತು, ನನ್ನ ಬರಹ ಅಂಚೆಯಲ್ಲಿ ಹೋಗುತ್ತಿತ್ತು. ಬಿಸಿಲಿಗೆ ಬಂಡೆಗಳು ಕಾದು, ಸಂಜೆಯಾದ ಮೇಲೂ ಕೋಣೆಯ ಗೋಡೆಗೆ ಬೆನ್ನು ಕೊಡಲಾಗುತ್ತಿರಲಿಲ್ಲ. ಭೀಮಾ ನದಿ ಮರಳ ನಡುವೆ ಒಂದು ಗೆರೆಯಾಗಿತ್ತು. ಆದರೂ ಆ ವರ್ಷವನ್ನು ನೆನೆದರೆ ಮೊದಲು ನೆನಪಾಗುವುದು ಹಸಿ ಸುಣ್ಣದ ಘಮ. ಹೈದರಾಬಾದಿನ ಆಡಳಿತದ ಕಾಲದಿಂದ ಕಚೇರಿಗಳ ಗೋಡೆಯ ಮೇಲಿದ್ದ ಉರ್ದು ಅಕ್ಷರಗಳಿಗೆ ಸುಣ್ಣ ಬಳಿದು ಅದರ ಮೇಲೆ ಕನ್ನಡ ಬರೆಸುತ್ತಿದ್ದರು. ಬಿಸಿಲು ಓರೆಯಾಗಿ ಬಿದ್ದಾಗ ಹಳೆಯ ಅಕ್ಷರಗಳು ಸುಣ್ಣದ ಅಡಿಯಿಂದ ಇಣುಕುತ್ತಿದ್ದವು. ತಹಶೀಲಿಯ ಹಿರಿಯ ಗುಮಾಸ್ತರೊಬ್ಬರು ಮೇಜಿನ ಖಾನೆಯಲ್ಲಿ ಒಂದು ಪಾಟಿ ಇಟ್ಟುಕೊಂಡಿದ್ದರು. "ಪಿಂಚಣಿ ಹತ್ರ ಬಂದದ, ಈಗ ಅ ಆ ತೀಡಾಕತ್ತೀನಿ ನೋಡ್ರಿ. ಮೊಮ್ಮಗಳೇ ಮಾಸ್ತರು. ತಪ್ಪಿದ್ರ ಕಿವಿ ಹಿಂಡ್ತಾಳ" ಎಂದು ನಗುತ್ತಿದ್ದರು. ಅವರ ಉರ್ದು ಬರವಣಿಗೆ ಮುತ್ತು ಪೋಣಿಸಿದಂತಿರುತ್ತಿತ್ತು.

ನಮ್ಮ ಸಂಪಾದಕರನ್ನು ನಾನು ಕಂಡದ್ದು ಕಡಿಮೆ. ಅವರ ಕೆಂಪು ಶಾಯಿಯನ್ನು ಮಾತ್ರ ಚೆನ್ನಾಗಿ ಬಲ್ಲೆ. ಯಾರು ಹೇಳಿದರು, ಯಾವ ಊರಿನವರು, ಎದುರಿನವನನ್ನು ಕೇಳಿದಿರಾ? ಈ ಪ್ರಶ್ನೆಗಳಿಗೆ ಉತ್ತರವಿಲ್ಲದ ಸುದ್ದಿ ಹೋದ ದಾರಿಯಲ್ಲೇ ವಾಪಸು ಬರುತ್ತಿತ್ತು.

ಆ ಕಾಲದಲ್ಲಿ ನಮ್ಮ ಕಡೆ ಬೇಸಿಗೆ ಎಂದರೆ ನಾರು ಹುಣ್ಣಿನ ಕಾಲ. ಇಂದಿನವರಿಗೆ ಅದರ ಹೆಸರೂ ಗೊತ್ತಿರಲಿಕ್ಕಿಲ್ಲ. ಮೆಟ್ಟಿಲಿಳಿದು ನೀರು ತುಂಬುವ ಬಾವಿಗಳಲ್ಲಿ ಹುಣ್ಣಿನ ಕಾಲಿನವರೂ ಇಳಿಯುತ್ತಿದ್ದರು. ಅದೇ ನೀರು ಕುಡಿದವರಿಗೆ ಮುಂದಿನ ಬೇಸಿಗೆಗೆ ಕಾಲಲ್ಲಿ ಬೊಬ್ಬೆ ಏಳುತ್ತಿತ್ತು. ಬೊಬ್ಬೆ ಒಡೆದರೆ ಬಿಳಿಯ ದಾರದಂಥ ಹುಳು ತಲೆ ಹೊರಗೆ ಹಾಕುತ್ತಿತ್ತು. ಅದನ್ನು ಒಂದು ಕಡ್ಡಿಗೆ ಸುತ್ತಿ, ದಿನಕ್ಕೆ ಬೆರಳ ಅಗಲದಷ್ಟು ಎಳೆಯಬೇಕು. ಆತುರ ಮಾಡಿ ಹರಿದರೆ ಕಾಲು ಬಾತು, ಕೀವಾಗಿ, ಕೀಲು ಹಿಡಿದುಬಿಡುತ್ತದೆ. ಇದು ಎಲ್ಲರಿಗೂ ಗೊತ್ತಿತ್ತು. ಆದರೆ ಕಡ್ಡಿ ಸುತ್ತುತ್ತ ವಾರಗಟ್ಟಲೆ ಕೂಡುವವರು ಯಾರು? ಕುರಿ ಮೇಯಿಸಬೇಕು, ಮಳೆ ಬೀಳುವುದರೊಳಗೆ ಹೊಲ ಹದ ಮಾಡಬೇಕು.

ಶಹಾಪುರಕ್ಕೆ ಹೋದಾಗ ನಾನು ಕೂಡುತ್ತಿದ್ದದ್ದು ಶಿವಶರಣಪ್ಪನವರ ಕಿರಾಣಿ ಅಂಗಡಿಯ ಜೋಳದ ಚೀಲಗಳ ಮೇಲೆ. ಹಣೆತುಂಬ ವಿಭೂತಿ, ಬಾಯಿತುಂಬ ಮಾತು. ಒಂದು ದಿನ ನಾನು ಕೂಡುವ ಮೊದಲೇ ಒಂದು ಸೀಸೆಯನ್ನು ನನ್ನ ಕೈಯಲ್ಲಿಟ್ಟರು.

"ಪೇಪರ್ ಸಾಹೇಬ್ರ, ನಿಮ್ಮ ಸರ್ಕಾರ ಔಷಧ ಕಳಿಸ್ಯಾದ ನೋಡ್ರಿ. ಸಂತ್ಯಾಗ ಮೈಸೂರು ಡಾಕ್ಟ್ರೊಬ್ಬ ಮಾರ್ತಾನ."

"ನನ್ನ ಸರ್ಕಾರ ಯಾವ್ದ್ರಿ?"

"ನೀವೂ ಕನ್ನಡ ಬರೀತೀರಿ, ಅದೂ ಕನ್ನಡ ಬರೀತದ. ಮತ್ತ ನಿಮ್ದಲ್ದ ಯಾರ್ದು?"

ಸೀಸೆಗೆ ಅಂಟಿಸಿದ್ದ ಚೀಟಿಯ ಮೇಲೆ ದಪ್ಪ ಕನ್ನಡ ಅಕ್ಷರಗಳಲ್ಲಿ 'ನಾರುಸಂಹಾರ ತೈಲ' ಎಂದಿತ್ತು. ಅದರ ನೆತ್ತಿಯ ಮೇಲೆ ಎರಡು ತಲೆಯ ಹಕ್ಕಿ. ಗಂಡಭೇರುಂಡ. ಮೈಸೂರಿನವರಿಗೆ ಅದು ತಲೆತಲಾಂತರದ ಗುರುತು. ನಮಗೆ ಮಾತ್ರ ಅದರ ಪರಿಚಯವಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಹೊಸ ಸರ್ಕಾರದ ಕಾಗದಗಳ ಮೇಲೆ ಬಂದ ಆ ಹಕ್ಕಿಯನ್ನು ಓದು ಬಾರದವರೂ ಗುರುತಿಸಲು ಕಲಿತಿದ್ದರು. ಹಕ್ಕಿ ಇದ್ದರೆ ಅದು ಸರ್ಕಾರ. ಅದುವರೆಗೆ ಔಷಧದ ಸೀಸೆಯ ಮೇಲೆ ನಮ್ಮ ಜನ ಕಂಡದ್ದು ಉರ್ದು, ಇಲ್ಲವೇ ಇಂಗ್ಲಿಷು. ಕನ್ನಡದಲ್ಲಿ ಮಾತಾಡುವ ಸೀಸೆ ಎಂದರೆ ನಮ್ಮವರೇ ಕಳಿಸಿದ್ದು ಎಂದು ಅವರು ನಂಬಿದ್ದರಲ್ಲಿ ಆಶ್ಚರ್ಯವಿರಲಿಲ್ಲ.

"ಸರ್ಕಾರದ್ದಾದ್ರ ದವಾಖಾನ್ಯಾಗ ಸಿಗಬೇಕಲ್ರಿ. ಸಂತ್ಯಾಗ ಯಾಕ ಮಾರ್ತಾರ?" ಎಂದೆ.

ಶಿವಶರಣಪ್ಪ ಆಚೀಚೆ ನೋಡಿ ದನಿ ತಗ್ಗಿಸಿದರು. "ಒಂದು ಮಾತು ಹೇಳ್ತೀನಿ, ನನ್ನ ಹೆಸರು ಹಾಕಬ್ಯಾಡ್ರಿ. ಆ ಮೈಸೂರು ಡಾಕ್ಟ್ರು ವಾರಾ ವಾರಾ ನನ್ನ ಅಂಗಡ್ಯಾಗ ಸೇಂಗಾ ಎಣ್ಣಿ, ನೀಲಗಿರಿ ಎಣ್ಣಿ, ಕರ್ಪೂರ, ಚಿಮಣಿ ಎಣ್ಣಿ ಒಯ್ತಾನ. ಒಬ್ಬನೇ ಮನುಷ್ಯಾ. ಅಷ್ಟು ಎಣ್ಣ್ಯಾಗ ಏನು ದಿನಾ ಬಜಿ ಕರೀತಾನೇನು?"

"ಕೇಳಿಲ್ಲೇನ್ರಿ ಅವನ್ನ?"

"ಗಿರಾಕಿನ್ನ ಯಾರರ ಕೇಳ್ತಾರೇನ್ರಿ!"

ಸಂತೆಯ ಅಂಚಿನ ಬೇವಿನ ಮರದ ಕೆಳಗೆ ಆ ಮನುಷ್ಯ ಮೇಜು ಹಾಕಿಕೊಂಡು ಕೂತಿದ್ದ. ಅವನ ನಿಜವಾದ ಹೆಸರು ನನಗೆ ಕೊನೆಗೂ ಸಿಗಲಿಲ್ಲ. ಅಂಥ ಬಿಸಿಲಲ್ಲೂ ಕೋಟು. ಮಾತು ದಕ್ಷಿಣದ ಕಡೆಯದು, ನಯವಾದದ್ದು. ರೋಗಿಯ ಕಾಲಿಗೆ ಎಣ್ಣೆ ಸವರಿ, ಚಿಮಟದಿಂದ ಹುಳುವನ್ನು ಒಂದೇ ಸಲಕ್ಕೆ ಎಳೆದು, ಕೈಗೆ ಬಂದಷ್ಟನ್ನು ಎತ್ತಿ ತೋರಿಸುತ್ತಿದ್ದ. ಒಳಗೆ ಎಷ್ಟು ಉಳಿಯಿತೆಂದು ಯಾರು ನೋಡುತ್ತಾರೆ? ಆಮೇಲೆ ಮನೆಯಲ್ಲಿ ಹಚ್ಚಿಕೊಳ್ಳಲು ಸೀಸೆ ಕೊಡುತ್ತಿದ್ದ. ಕೊಡುವ ಮೊದಲು ಆಣೆ ಮಾಡಿಸುತ್ತಿದ್ದ. ಕುರುಬರ ಕೈಯಲ್ಲಿ ಭಂಡಾರ, ಅಂದರೆ ಅವರ ದೇವರ ಅರಿಶಿನ ಪುಡಿ. ಲಿಂಗಾಯತರ ಕೈಯಲ್ಲಿ ವಿಭೂತಿ. ಮೇಜಿನ ಖಾನೆಯಲ್ಲಿ ಎರಡೂ ಇದ್ದವು. ಹೇಳಿದರೆ ಮದ್ದಿನ ಗುಣ ಹೋಗುತ್ತದೆ ಎಂಬುದು ನಮ್ಮ ಜನರಲ್ಲಿ ಮೊದಲಿನಿಂದ ಇದ್ದ ನಂಬಿಕೆ. ನಾಟಿ ವೈದ್ಯರು ಬೇರಿನ ಹೆಸರು ಬಾಯಿ ಬಿಡುವುದಿಲ್ಲ, ರೋಗಿಗಳು ಕೇಳುವುದಿಲ್ಲ. ಇವನು ಅದನ್ನೇ ಬಳಸಿಕೊಂಡಿದ್ದ. "ಈ ಔಷಧದ ವಿಚಾರ ನಾಲಿಗೆಯ ಮೇಲೆ ತಂದರೆ ರೋಗ ಇಮ್ಮಡಿಯಾಗಿ ತಿರುಗಿ ಬರುತ್ತೆ" ಎನ್ನುತ್ತಿದ್ದ.

ಎದುರಿನವನನ್ನು ಕೇಳಬೇಕೆಂಬುದು ನಿಯಮ. ಕೇಳಿದೆ. ಚಹಾ ತರಿಸಿ ಕೂಡಿಸಿದ. ಎಲ್ಲಿ ಓದಿದಿರಿ ಎಂದರೆ, "ವಂಶದಿಂದ ಬಂದ ವಿದ್ಯೆ ಸ್ವಾಮಿ" ಎಂದ. ಸೀಸೆಯ ಮೇಲೆ ಸರ್ಕಾರದ ಹಕ್ಕಿ ಯಾಕೆ ಎಂದರೆ ನಕ್ಕ. "ಹಕ್ಕಿ ಯಾರಪ್ಪನ ಸ್ವತ್ತು ಸ್ವಾಮಿ? ಆಕಾಶದಲ್ಲಿ ಹಾರಾಡುತ್ತೆ." ನಾನು ಏಳುವಾಗ ಅಂದ: "ನನ್ನಿಂದ ಕೆಟ್ಟದ್ದಾಯಿತು ಅಂತ ಯಾರಾದರೂ ಹೇಳಿದ್ದಾರಾ? ಒಬ್ಬರ ಹೆಸರು ಹೇಳಿ, ಬರೆದುಕೊಳ್ಳಿ. ಬೇಡ ಅಂದವರು ಯಾರು?"

ಹೇಳಲು ನನ್ನ ಹತ್ತಿರ ಒಂದು ಹೆಸರೂ ಇರಲಿಲ್ಲ.

ಸೀಸೆಯನ್ನು ಸರ್ಕಾರಿ ದವಾಖಾನೆಗೆ ಒಯ್ದೆ. ಹೈದರಾಬಾದಿನಲ್ಲಿ ಓದಿ ಬಂದಿದ್ದ ಡಾಕ್ಟರ್ ಖಾದರ್ ಸಾಹೇಬರು ಮುಚ್ಚಳ ತೆಗೆದು ಮೂಸಿದರು. ಬತ್ತಿಯೊಂದನ್ನು ಅದರಲ್ಲಿ ಅದ್ದಿ ಕಡ್ಡಿ ಗೀರಿದರು. ಅದು ಭಗ್ಗನೆ ಹತ್ತಿಕೊಂಡಿತು. "ದೀಪಕ್ಕ ಹಾಕ್ರಿ ಮಿಯಾ, ಚೊಲೋ ಉರೀತದ" ಎಂದರು. ನಗಲಿಲ್ಲ. ನಾರು ಹರಿದ ಕಾಲುಗಳು ದಿನವೂ ಅವರ ಬಾಗಿಲಿಗೆ ಬರುತ್ತಿದ್ದವು. "ಏನು ಹಚ್ಚೀರಿ ಅಂದ್ರ ಮ್ಯಾಲ ಛತ್ತು ನೋಡ್ತಾರ. ಎಣ್ಣಿ ಬಗ್ಗೆ ನಾ ಬರ್ದು ಕೊಡ್ತೀನಿ. ಕಾಲಿನ ಬಗ್ಗೆ ಮಾತ್ರ ಕಾಲಿನವರೇ ಹೇಳಬೇಕು." ಅವರು ಉರ್ದುವಿನಲ್ಲಿ ಬರೆದದ್ದನ್ನು ನಾನು ಅಲ್ಲೇ ಕೂತು ಕನ್ನಡಕ್ಕೆ ಇಳಿಸಿದೆ. ಅದರ ಕೆಳಗೆ ಅವರು ಕನ್ನಡದಲ್ಲಿ, ಬಲು ನಿಧಾನವಾಗಿ, ಸಹಿ ಮಾಡಿದರು. ಕನ್ನಡದಲ್ಲಿ ಅದು ಅವರ ಮೊದಲ ಸಹಿ ಎಂದು ಆಮೇಲೆ ತಿಳಿಯಿತು.

ಕಾಲಿನವರನ್ನು ಹುಡುಕಿ ಹತ್ತಿರದ ಹಳ್ಳಿ ಗೋಗಿಗೆ ಹೋದೆ. ಕುರುಬರ ಓಣಿಯಲ್ಲಿ ನಿಂಗಮ್ಮ ಎಂಬುವಳ ಮನೆ. ಕುರಿಹಟ್ಟಿಯ ಪಕ್ಕದ ಪಡಸಾಲೆಯಲ್ಲಿ ಮಡಿಸಿದ ಕಂಬಳಿಯ ಮೇಲೆ ಕಾಲು ಚಾಚಿ ಕೂತಿದ್ದಳು. ಪಾದದಿಂದ ಮೊಣಕಾಲವರೆಗೆ ಬಾತು ಚರ್ಮ ಹೊಳೆಯುತ್ತಿತ್ತು. ಹಟ್ಟಿಯ ಬೇಲಿಗೆ ಒರಗಿ ಅವಳ ಮೈದುನ ಸಾಬಣ್ಣ ಉಣ್ಣೆ ನೂಲುತ್ತಿದ್ದ. ಅವನ ಕಾಲಿಗೂ ಅರಿವೆ ಸುತ್ತಿತ್ತು. ಸಾಬಣ್ಣ ಹುಟ್ಟಾ ಮೂಗ. ಕಿವಿ ಮಾತ್ರ ಚುರುಕು. ನನ್ನನ್ನು ಕಂಡು ಕದಿರು ಎತ್ತಿ ನಮಸ್ಕಾರ ಮಾಡಿದ.

"ಕಾಲಿಗೆ ಏನು ಹಚ್ಚೀರಿ, ಅವ್ವಾ?"

"ಏನಿಲ್ಲ."

"ಹಕ್ಕಿ ಎಣ್ಣಿ?"

ಅವಳ ಕಣ್ಣು ಗೂಡಿನಲ್ಲಿದ್ದ ಭಂಡಾರದ ಚೀಲದ ಕಡೆ ಹೋಗಿ ಬಂತು. "ಅದನ್ನ ಕೇಳಬ್ಯಾಡ ತಮ್ಮಾ. ತಪ್ಪು ನಂದೇ ಅದ. ನನ್ನ ಬಾಯಿ ಸುಮ್ನ ಕೂಡ್ಲಿಲ್ಲ, ಕಾಲು ತಿಂದಿತು."

ಅಷ್ಟೇ. ಮುಂದಿನ ಮನೆಯಲ್ಲೂ ಇದೇ ಮಾತು, ಅದರ ಮುಂದಿನ ಮನೆಯಲ್ಲೂ ಇದೇ. ಒಬ್ಬಳು ನೆರೆಯವಳ ಮುಂದೆ ಎಣ್ಣೆಯ ಹೆಸರು ಎತ್ತಿದ್ದಳು. ಒಬ್ಬ ಮುದುಕ ನಿದ್ದೆಗಣ್ಣಲ್ಲಿ ಬಡಬಡಿಸಿರಬೇಕು ಎಂದುಕೊಂಡಿದ್ದ. ಕಾಲು ಕೆಟ್ಟವರೆಲ್ಲ ತಮ್ಮ ತಮ್ಮ ನಾಲಿಗೆಯನ್ನೇ ಹಳಿದುಕೊಂಡು ಕೂತಿದ್ದರು. ಆಣೆಯ ಕೆಲಸ ಆಗ ನನಗೆ ಪೂರಾ ಅರ್ಥವಾಯಿತು. ಅದು ಬಾಯಿ ಮುಚ್ಚಿಸುತ್ತಿತ್ತು, ಕಾಲು ಕೆಟ್ಟರೆ ತಪ್ಪನ್ನೂ ರೋಗಿಯ ಮೇಲೇ ಹೊರಿಸುತ್ತಿತ್ತು.

ಡಾಕ್ಟರ ಮಾತಿನ ಬಲದ ಮೇಲೆ ಬರೆದು ಕಳಿಸಿದೆ. ವಾಪಸು ಬಂತು. ಅಂಚಿನಲ್ಲಿ ಕೆಂಪು ಶಾಯಿ: "ಎಣ್ಣೆ ಏನೆಂದು ತಿಳಿಯಿತು. ಕೆಟ್ಟದ್ದು ಯಾರಿಗೆ? ಹೆಸರು, ಊರು." ಸಿಟ್ಟು ಬಂತು. ಆದರೆ ಅವರು ಕೇಳಿದ್ದರಲ್ಲಿ ತಪ್ಪಿರಲಿಲ್ಲ.

ಮತ್ತೆ ಗೋಗಿಗೆ ಹೋದದ್ದು ಸಂತೆಯ ಹಿಂದಿನ ದಿನ. ಆಕಾಶದಲ್ಲಿ ಮೋಡ ಕಟ್ಟಿ ಗಾಳಿ ನಿಂತುಹೋಗಿತ್ತು. ನಿಂಗಮ್ಮನ ಮಗಳು ದೇವಮ್ಮ, ಇನ್ನೂ ಲಂಗ ಉಡುವ ಹುಡುಗಿ, ಹೊಸ್ತಿಲಲ್ಲಿ ಕೂತು ತನ್ನ ಹಿಮ್ಮಡಿಯ ಮೇಲಿನ ಬೊಬ್ಬೆಯನ್ನು ಬೆರಳಿಂದ ಮುಟ್ಟಿ ಮುಟ್ಟಿ ನೋಡುತ್ತಿದ್ದಳು. ನಿಂಗಮ್ಮನ ಗಂಡ ಮಾಳಪ್ಪ ಬಂಡಿಯ ಗಾಲಿಗೆ ಕೀಲೆಣ್ಣೆ ಹಾಕುತ್ತಿದ್ದ.

"ನಾಳಿ ಶಹಾಪುರಕ್ಕ ಒಯ್ತೀನ್ರಿ ಮಗಳನ್ನ" ಎಂದ. "ಮಳಿ ಮೋಡದಾಗ ಅದ. ಕಡ್ಡಿ ಸುತ್ಕೋಂತ ಕೂತ್ರ ನಮ್ಮ ಬಾಳೇವು ನಡೀತದೇನ್ರಿ? ಸರ್ಕಾರದ ಔಷಧ, ಸುಮ್ನಲ್ಲ. ಇಕಿ ಬಾಯಿ ಬಿಗಿ ಹಿಡೀಲಿಲ್ಲ, ಕೆಡ್ತು. ಮಗಳಿಗೆ ಹೇಳೀನಿ, ತುಟಿ ಪಿಟಕ್ ಅಂದಿ ಅಂದ್ರ ನೋಡು ಅಂತ."

ಡಾಕ್ಟರ ಮಾತನ್ನು ಹೇಳಿದೆ, ಬತ್ತಿ ಉರಿದದ್ದನ್ನು ಹೇಳಿದೆ. "ದವಾಖಾನಿ ಡಾಕ್ಟ್ರು ಹಳೇ ಸರ್ಕಾರದಾಂವ್ರಿ. ಹೊಸ ಸರ್ಕಾರದ್ದು ಚೊಲೋ ಅಂತ ಅಂವ ಯಾಕಂದಾನ?" ಎಂದು ಗಾಲಿಯ ಕಡೆ ತಿರುಗಿದ.

ನಿಂಗಮ್ಮ ಮಗಳ ಹಿಮ್ಮಡಿ ನೋಡುತ್ತಿದ್ದಳು. ಆಮೇಲೆ ಬೇಲಿಯ ಕಡೆ ನೋಡಿದಳು. ಸಾಬಣ್ಣನ ಕದಿರು ತಿರುಗುತ್ತಿತ್ತು.

"ಅಲ್ಲೋ, ಇವನೂ ಅದೇ ಎಣ್ಣಿ ಹಚ್ಚಿದ್ನಲ್ಲ, ಇವನ ಕಾಲು ಯಾಕ ಬಾತದ?" ಎಂದು ಗಂಡನನ್ನು ಕೇಳಿದಳು.

"ಅಂವನೂ ಯಾರ ಮುಂದರ ಹೇಳಿರಬೇಕು."

"ಯಾರು?"

"ಸಾಬಣ್ಣ" ಎಂದ ಮಾಳಪ್ಪ. ಅಂದವನೇ ಕೈಲಿದ್ದ ಎಣ್ಣೆಯ ಚಿಂದಿಯನ್ನು ಹಾಗೇ ಹಿಡಿದು ನಿಂತ.

"ಹುಟ್ಟಿದಾಗಿಂದ ಅವ್ವಾ ಅಂದಿಲ್ಲ ಅಂವ. ನಿನ್ನ ಹಕ್ಕಿ ಎಣ್ಣಿ ಸುದ್ದಿ ಹೇಳ್ಯಾನೇನು?"

"ಕೈಸನ್ನಿ ಮಾಡಿರಬೇಕು ಬಿಡು."

"ನೀ ಮಾಡಿ ತೋರ್ಸು ನೋಡೋಣು. ಎರಡು ತಲಿ ಹಕ್ಕಿ, ಎಣ್ಣಿ, ಮೈಸೂರು ಡಾಕ್ಟ್ರು. ತೋರ್ಸು."

ಮಾಳಪ್ಪ ಒಂದು ಕೈ ಎತ್ತಿದ. ರೆಕ್ಕೆಯಂತೆ ಒಮ್ಮೆ ಬಡಿದ, ಇನ್ನೊಂದು ಕೈಯಿಂದ ಎರಡು ಬೆರಳು ತೋರಿಸಿದ, ಅಲ್ಲಿಗೆ ತಡವರಿಸಿದ. ಬೇಲಿಗೆ ಒರಗಿದ್ದ ಸಾಬಣ್ಣ ನಗತೊಡಗಿದ. ಸದ್ದಿಲ್ಲದ ನಗೆ, ಭುಜಗಳು ಮಾತ್ರ ಕುಣಿಯುತ್ತಿದ್ದವು. ದೇವಮ್ಮನೂ ನಕ್ಕಳು. ನಿಂಗಮ್ಮ ನಗಲಿಲ್ಲ. "ಹಂಗಾರ ನನ್ನ ಬಾಯಿದೇನೂ ತಪ್ಪಿಲ್ಲ" ಎಂದಳು. ಅದನ್ನು ಅವಳು ಯಾರನ್ನೂ ನೋಡಿ ಹೇಳಲಿಲ್ಲ. ಅಷ್ಟು ದಿನ ಹೊತ್ತಿದ್ದನ್ನು ಕೆಳಗಿಡುತ್ತಿದ್ದಳು.

ಮರುದಿನ ಬಂಡಿ ಶಹಾಪುರಕ್ಕೆ ಬಂತು. ಮೈಸೂರು ಡಾಕ್ಟರ ಮೇಜಿನ ಮುಂದೆಯೇ ನಿಂತಿತು. ಸುತ್ತಲೂ ಜನ. ನಿಂಗಮ್ಮ ಇಳಿಯಲಾರದೆ ಬಂಡಿಯಲ್ಲೇ ಕೂತಿದ್ದಳು, ಪಕ್ಕದಲ್ಲಿ ಮಗಳು. ಸಾಬಣ್ಣ ಕೋಲೂರಿಕೊಂಡು ಇಳಿದು ಮೇಜಿನ ಎದುರು ನಿಂತ.

"ಡಾಕ್ಟ್ರ, ಇಂವ ಯಾರ ಮುಂದ ಆಣಿ ಮುರದಾನ ಹೇಳ್ರಿ" ಎಂದಳು ನಿಂಗಮ್ಮ, ಬಂಡಿಯಿಂದಲೇ.

"ಯಾರಮ್ಮ ಇವನು?"

"ನಮ್ಮ ಮೈದುನ. ಮೂಗ. ನಿಮ್ಮ ಕೈಯಾಗಿನ ಭಂಡಾರನೇ ಹಿಡದಾನ. ಕಾಲು ನೋಡ್ರಿ ಅಂವಂದು."

ಆ ಮನುಷ್ಯ ತಡಮಾಡಲಿಲ್ಲ. ಅವನ ಕಸುಬು ಅದೇ. "ಮನಸ್ಸಿನಲ್ಲಿ ಕೆಟ್ಟದ್ದು ನೆನೆದರೂ ಆಣೆ ಮುರಿದ ಹಾಗೇನೇ ತಾಯಿ."

"ಅವತ್ತು ನಾಲಿಗಿ ಅಂದ್ರಿ, ಇವತ್ತು ಮನಸು ಅಂತೀರಿ. ನಾಳಿ ನಮ್ಮ ಕುರಿ ಕನಸ್ನ್ಯಾಗ ಒದರಿದ್ವು ಅಂತೀರೇನು?"

ಸಂತೆ ನಕ್ಕಿತು. ನಗೆಯ ನಡುವೆ ಹಿಂದಿನಿಂದ ಒಬ್ಬ ಮುದುಕ, "ನನಗೂ ಬಾಯಿದೇ ತಪ್ಪು ಅಂದಾನ ಅಂವ" ಎಂದ. "ನನಗೂ" ಎಂದಳು ಬುಟ್ಟಿ ಹೊತ್ತವಳೊಬ್ಬಳು. ನಗೆ ನಿಂತಿತು. ಜನ ಒಬ್ಬರ ಕಾಲು ಒಬ್ಬರು ನೋಡಿಕೊಳ್ಳತೊಡಗಿದರು. ನಿಂಗಮ್ಮ ಸೆರಗಿನ ಗಂಟು ಬಿಚ್ಚಿ ಒಂದು ಚಿಟಿಕೆ ಭಂಡಾರ ತೆಗೆದು ತನ್ನ ನಾಲಿಗೆಯ ಮೇಲೆ ಇಟ್ಟುಕೊಂಡಳು. ಸುಳ್ಳಾಡಿದರೆ ದೇವರು ನಾಲಿಗೆ ಕೀಳಲಿ ಎಂಬುದು ಅದರ ಅರ್ಥ. ಆಮೇಲೆ ನನ್ನ ಕಡೆ ತಿರುಗಿದಳು.

"ಬರಕೋ ತಮ್ಮಾ. ನಿಂಗಮ್ಮ, ಗಂಡ ಮಾಳಪ್ಪ, ಊರು ಗೋಗಿ. ಇವನ ಎಣ್ಣಿ ಹಚ್ಚಿದೆ, ನಾರು ಹರಿದೋತು, ಕಾಲು ಕೆಟ್ಟಿತು."

ಬರೆದುಕೊಂಡೆ. ಇನ್ನೂ ಕೆಲವರು ಹೇಳಿದರು, ಅವರದನ್ನೂ ಬರೆದುಕೊಂಡೆ. ತಲೆ ಎತ್ತಿ ನೋಡುವಷ್ಟರಲ್ಲಿ ಕೋಟಿನ ಮನುಷ್ಯ ಕುರ್ಚಿಯಲ್ಲಿರಲಿಲ್ಲ. ಪೊಲೀಸರು ಬಂದಾಗ ಮರದ ಕೆಳಗೆ ಮೇಜೊಂದೇ ಇತ್ತು. ಅವನು ಎಲ್ಲಿಗೆ ಹೋದನೆಂದು ಆಗ ಹಲವರು ಹಲವು ಹೇಳಿದರು. ನೋಡಿದವರು ಯಾರೂ ಇಲ್ಲದ್ದರಿಂದ ಬರೆಯಲಿಲ್ಲ, ಈಗಲೂ ಬರೆಯುವುದಿಲ್ಲ. ಆ ವಾರವೇ ಹಳ್ಳಿಗಳಲ್ಲಿ ಡಂಗುರ ಹೊಡೆಸಿದರು: ಹಕ್ಕಿ ಚೀಟಿಯ ಎಣ್ಣೆ ಸರ್ಕಾರದ್ದಲ್ಲ. ಶಿವಶರಣಪ್ಪನವರು ನನ್ನನ್ನು ಕೂಗಿ ಕರೆದು, "ಈಗ ನನ್ನ ಹೆಸರೂ ಹಾಕ್ರಿ. ಅಂಗಡಿ ಹೆಸರ ಜೋಡಿ" ಎಂದರು.

ಮಾಳಪ್ಪ ಬಂಡಿಯನ್ನು ಸಂತೆಯಿಂದ ನೇರ ದವಾಖಾನೆಗೆ ಹೊಡೆದ. ದೇವಮ್ಮನ ಕಾಲಿನ ನಾರನ್ನು ಖಾದರ್ ಸಾಹೇಬರು ದಿನಕ್ಕಿಷ್ಟು ಎಂದು ಸುತ್ತಿದರು. ನೀರನ್ನು ಅರಿವೆಯಲ್ಲಿ ಸೋಸಿ ಕುಡಿಯಬೇಕೆಂದು ಬಂದವರಿಗೆಲ್ಲ ಹೇಳುತ್ತಿದ್ದರು. ಕೆಲವರು ಕೇಳಿದರು, ಹಲವರು ಕೇಳಲಿಲ್ಲ. ಮೊದಲ ಮಳೆ ಬಿದ್ದು ಬಿರಿದಿದ್ದ ಎರೆ ಮಣ್ಣು ಬಾಯಿ ಮುಚ್ಚುವ ಹೊತ್ತಿಗೆ ಹುಳು ತುಂಡಾಗದೆ ಹೊರಬಂತು, ಹುಡುಗಿ ಕೆಸರಲ್ಲಿ ಓಡಾಡಿದಳು. ನಿಂಗಮ್ಮನ ಪಾದದ ಕೀಲು ಮಾತ್ರ ಮತ್ತೆ ಮಡಚಲಿಲ್ಲ. ಆ ಸಲದ ಬಿತ್ತನೆಗೆ ಅವಳು ಕೋಲೂರಿಕೊಂಡೇ ಹೋದಳು.

ಸುದ್ದಿ ಒಳಪುಟದಲ್ಲಿ ಚಿಕ್ಕದಾಗಿ ಅಚ್ಚಾಯಿತು. ಪತ್ರಿಕೆ ಹಿಡಿದು ಗೋಗಿಗೆ ಹೋಗಿ ಪಡಸಾಲೆಯಲ್ಲಿ ಕೂತು ಓದಿದೆ. ಮಳೆ ಹನಿಯುತ್ತಿತ್ತು, ಕಂಬಳಿಯ ವಾಸನೆ, ಒಳಗೆ ರೊಟ್ಟಿ ಬಡಿಯುವ ಸದ್ದು. ನಿಂಗಮ್ಮ ತನ್ನ ಹೆಸರು ಎಲ್ಲಿದೆ ಎಂದು ಕೇಳಿದಳು. ಬೆರಳಿಟ್ಟು ತೋರಿಸಿದೆ. ಅದರ ಮೇಲೆ ಒಂದು ಚಿಟಿಕೆ ಭಂಡಾರ ಸವರಿದಳು. ಆಮೇಲೆ ಕೇಳಿದಳು:

"ಸಾಬಣ್ಣನ ಮಾತು ಎಲ್ಲಿ ಬರದಿ?"

ನಾನು ಬರೆದಿದ್ದೆ. ಸಂಪಾದಕರು ತೆಗೆದಿದ್ದರು. "ಮೂಗ ಹೇಳಿಕೆ ಕೊಡಲಾರ" ಎಂಬುದು ಅವರ ಕೆಂಪು ಶಾಯಿಯ ಕಾರಣ. ನಿಯಮದ ಪ್ರಕಾರ ಅದೂ ಸರಿಯೇ. ಅವಳಿಗೆ ಹಾಗೇ ಹೇಳಿದೆ.

"ಅಂವಂದೇ ಇಲ್ದ ಮ್ಯಾಲ ಇದೇನು ಸುದ್ದಿ ತಮ್ಮಾ?" ಎಂದಳು. ಸಾಬಣ್ಣ ಬೇಲಿಯ ಹತ್ತಿರ ಕೂತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದ.

ಈಗ ಮೆಟ್ಟಿಲು ಬಾವಿಗಳು ಮುಚ್ಚಿವೆ, ನಾರು ಹುಣ್ಣು ನಾಡಿನಿಂದಲೇ ಹೋಗಿದೆ. ಎಣ್ಣೆ ಮಾತ್ರ ಇದೆ. ಜೀಪಿನ ಹತ್ತಿರ ಸೀಸೆ ಹಿಡಿದು ನಿಂತಿದ್ದ ಒಬ್ಬ ಹೆಣ್ಣುಮಗಳು, "ಚೊಲೋ ಅದೇನ್ರಿ ಕಾಕಾ?" ಎಂದು ನನ್ನನ್ನು ಕೇಳಿದಳು. ಮುಚ್ಚಳ ತೆಗೆದು ಮೂಸಿ ನೋಡು ಎಂದೆ. ಮೂಸಿದಳು, ಮುಖ ಕಿವುಚಿ ಸೀಸೆಯನ್ನು ಮರಳಿ ಇಟ್ಟಳು. ಆಮೇಲೆ ಮದುವೆಗೆ ಹೋದೆ.

ಅಂದು ಅಚ್ಚಾಗದೆ ಉಳಿದ ಸಾಲು ಇದು: ಗೋಗಿಯ ಕುರುಬರ ಸಾಬಣ್ಣ, ಹುಟ್ಟಾ ಮೂಗ, ಆ ಎಣ್ಣೆಯ ವಿಷಯ ಯಾರ ಮುಂದೆಯೂ ಹೇಳಿರಲಿಲ್ಲ, ಅವನ ಕಾಲೂ ಬಾತಿತ್ತು.